ದೋಣಿಯ ಮೂತಿ ಕುಪ್ಪಳಿಸುತ್ತಿದೆಯೇ? ಎಂಜಿನ್ ಬಿಚ್ಚುವ ಮೊದಲು ಇಷ್ಟು ಮಾಡಿ

ಹೊನ್ನಾವರದ ಬಳಿ ಶರಾವತಿ ಕಡಲು ಸೇರುವ ಮುಂಚಿನ ಒಳನೀರಿನಲ್ಲಿ ನನ್ನ ಹದಿನಾರು ಅಡಿಯ ಫೈಬರ್ ದೋಣಿ ಎರಡು ತಿಂಗಳು ನನ್ನನ್ನು ಕಾಡಿತು. ಅರ್ಧ ವೇಗದಲ್ಲಿ ಸುಮ್ಮನೆ ಹೋಗುತ್ತಿತ್ತು. ಪೂರ್ತಿ ವೇಗ ಕೊಟ್ಟೊಡನೆ ಮೂತಿ ಏಳುವುದು, ತಪ್ಪನೆ ಬೀಳುವುದು, ಮತ್ತೆ ಏಳುವುದು. ಕುಳಿತವರ ಬೆನ್ನುಮೂಳೆಗೆ ಏಟು. ಪ್ಲಗ್ ಬದಲಾಯಿತು, ಕಾರ್ಬುರೇಟರ್ ತೊಳೆದದ್ದಾಯಿತು, ಕುಪ್ಪಳಿಕೆ ಮಾತ್ರ ಹಾಗೆಯೇ ಉಳಿಯಿತು. ಕೊನೆಗೆ ದಡದಲ್ಲಿ ಬಲೆ ಸರಿಪಡಿಸುತ್ತಿದ್ದ ಹಿರಿಯ ಮೀನುಗಾರರೊಬ್ಬರು ದೋಣಿಯೊಳಗೆ ಇಣುಕಿ, "ತಮ್ಮಾ, ಇದ್ದ ಭಾರವನ್ನೆಲ್ಲ ಬಾಲದಲ್ಲೇ ಇಟ್ಟಿದ್ದೀಯಲ್ಲ, ಮೂತಿ ನೀರಿನಲ್ಲಿ ಹೇಗೆ ನಿಂತೀತು?" ಎಂದರು. ಪೆಟ್ರೋಲ್ ಟ್ಯಾಂಕನ್ನು ನಡುಹಲಗೆಯ ಮುಂದಕ್ಕೆ ಸರಿಸಿ, ಎಂಜಿನ್ನಿನ ಪಿನ್ನನ್ನು ಒಂದು ತೂತು ಒಳಕ್ಕೆ ಹಾಕಿದೆವು. ಆ ಸಂಜೆಯೇ ದೋಣಿ ನೇರವಾಗಿ ಓಡಿತು.

ಅಂದಿನಿಂದ ಬೇರೆಯವರ ದೋಣಿಗಳನ್ನೂ ನೋಡುತ್ತಾ ಬಂದಿದ್ದೇನೆ. ಸಣ್ಣ ಔಟ್‌ಬೋರ್ಡ್ ದೋಣಿ (ಹಿಂಬದಿಯ ಹೊರಗೆ ಎಂಜಿನ್ ತೂಗುಹಾಕಿದ ದೋಣಿ) ಕುಪ್ಪಳಿಸಿದರೆ, ಒಂದು ಬದಿಗೆ ವಾಲಿದರೆ, ಹಿಡಿಕೆ ಕೈಯನ್ನು ಎಳೆದರೆ ನಾವು ಮೊದಲು ದೂರುವುದು ಎಂಜಿನ್ನನ್ನು. ಆದರೆ ಬಹಳ ಸಲ ತಪ್ಪು ಇರುವುದು ಭಾರ ಎಲ್ಲಿ ಕುಳಿತಿದೆ, ಎಂಜಿನ್ ಎಷ್ಟು ಎತ್ತರದಲ್ಲಿ, ಯಾವ ಓರೆಯಲ್ಲಿ ತೂಗುತ್ತಿದೆ ಎಂಬುದರಲ್ಲಿ. ಸರಿಪಡಿಸುವುದೂ ಇದೇ ಕ್ರಮದಲ್ಲಿ: ಮೊದಲು ಭಾರ, ಆಮೇಲೆ ಎತ್ತರ, ಆಮೇಲೆ ಓರೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದೇ ಇಲ್ಲ.

ಪರೀಕ್ಷೆಗೆ ಬೆಳಗಿನ ಹೊತ್ತು ಒಳ್ಳೆಯದು. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ಅಲೆಯ ಕುಣಿತ ಯಾವುದು, ದೋಣಿಯ ಕುಣಿತ ಯಾವುದು ಎಂದು ಬೇರ್ಪಡಿಸಲಾಗದು. ಜೊತೆಗೆ ಒಬ್ಬರಿರಲಿ, ಇಬ್ಬರೂ ಲೈಫ್ ಜಾಕೆಟ್ ಹಾಕಿರಲಿ. ಎಂಜಿನ್ ನಿಲ್ಲಿಸುವ ಕೆಂಪು ಸುರುಳಿ ದಾರ ನಡೆಸುವವರ ಕೈಗೋ ಜಾಕೆಟ್ಟಿಗೋ ಸಿಕ್ಕಿಸಿರಲೇಬೇಕು. ಸರಿ ಹೋಗದ ದೋಣಿಯೇ ಜನರನ್ನು ನೀರಿಗೆ ಎಸೆಯುವುದು. ಆಗ ಹಿಡಿಕೆಯಲ್ಲಿ ಯಾರೂ ಇಲ್ಲದ ದೋಣಿ ಸುತ್ತು ಹೊಡೆದು ಬಿದ್ದವರ ಮೇಲೆಯೇ ಬರುತ್ತದೆ.

ಮೊದಲು ಭಾರ

ಲೆಕ್ಕ ಹಾಕಿ ನೋಡಿ. ನಾಲ್ಕು ಸ್ಟ್ರೋಕಿನ 15 ಎಚ್‌ಪಿ ಎಂಜಿನ್ ಸುಮಾರು 50 ಕೆ.ಜಿ. ತೂಗುತ್ತದೆ. ಅದೇ ಶಕ್ತಿಯ ಹಳೆಯ ಎರಡು ಸ್ಟ್ರೋಕಿನದು ಅದಕ್ಕಿಂತ ಹತ್ತು ಹದಿನೈದು ಕೆ.ಜಿ. ಹಗುರ. ಹಿಡಿಕೆ ಹಿಡಿದು ಹಿಂದೆ ಕುಳಿತವರು 70 ಕೆ.ಜಿ. ಪೆಟ್ರೋಲ್ ಲೀಟರಿಗೆ ಮುಕ್ಕಾಲು ಕೆ.ಜಿ.ಗೆ ಹತ್ತಿರ, ತುಂಬಿದ 25 ಲೀಟರ್ ಟ್ಯಾಂಕೆಂದರೆ ಇಪ್ಪತ್ತು ಕೆ.ಜಿ. ಸುಮಾರು 140 ಕೆ.ಜಿ. ದೋಣಿಯ ಕೊನೆಯ ನಾಲ್ಕಡಿಯಲ್ಲೇ ಕುಳಿತಿತು. ಹಳೆಯ ಎಂಜಿನ್ ತೆಗೆದು ಹೊಸದು ಹಾಕಿದ ಮೇಲೆ ದೋಣಿ ಕೆಟ್ಟಿತು ಎನ್ನುವವರು ಈ ತೂಕವನ್ನು ಗಮನಿಸಿರುವುದಿಲ್ಲ.

ಟ್ಯಾಂಕು, ಲಂಗರು, ಐಸ್ ಪೆಟ್ಟಿಗೆಗಳನ್ನು ನಡುವಿನಿಂದ ಸ್ವಲ್ಪ ಮುಂದಕ್ಕೆ ಸರಿಸಿ ಕಟ್ಟಿ ನಿಲ್ಲಿಸಿ. ಪೆಟ್ರೋಲ್ ಪೈಪು ಗಿಡ್ಡವಾದರೆ ಉದ್ದದ್ದು ಹಾಕಿಸಿ, ಜಗ್ಗಿ ಸಿಕ್ಕಿಸಬೇಡಿ. ಒಬ್ಬರೇ ಹೋಗುವುದಾದರೆ ಹಿಡಿಕೆಗೆ ಉದ್ದನೆಯ ತುಂಡು ಜೋಡಿಸಿಕೊಂಡು ನಡುಹಲಗೆಯಲ್ಲಿ ಕೂರಬಹುದು.

ವಾಲುವ ದೋಣಿಯಲ್ಲಿ ಮೊದಲು ನೋಡಬೇಕಾದುದು ತಳದಲ್ಲಿ ನಿಂತ ನೀರು. ನಲವತ್ತು ಲೀಟರ್ ನೀರೆಂದರೆ ನಲವತ್ತು ಕೆ.ಜಿ. ಅದೂ ಒಂದೆಡೆ ನಿಲ್ಲದ ತೂಕ. ದೋಣಿ ಎಡಕ್ಕೆ ವಾಲಿದರೆ ನೀರೂ ಎಡಕ್ಕೆ ಓಡಿ ಇನ್ನಷ್ಟು ವಾಲಿಸುತ್ತದೆ. ಮೊಗೆದು ಒಣಗಿಸಿದ ಮೇಲೂ ಭಾರ ಅನ್ನಿಸಿದರೆ ನೆಲಹಲಗೆಗೂ ತಳಕ್ಕೂ ನಡುವಿನ ಪೊಳ್ಳಿನಲ್ಲಿ, ಅಲ್ಲಿ ತುಂಬಿದ ಫೋಮಿನಲ್ಲಿ ನೀರು ಸೇರಿರಬಹುದು. ದೋಣಿಯನ್ನು ದಡಕ್ಕೆಳೆದು, ಹಿಂಬದಿಯ ಬಿರಡೆ ತೆಗೆದು, ಮೂತಿ ಎತ್ತರಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮರಳು ಒದ್ದೆಯಾಗಿದ್ದರೆ ನಿಮ್ಮ ಅನುಮಾನ ನಿಜ.

ರೀಪು ಹಿಡಿದು ಎತ್ತರ ನೋಡುವುದು

ಪ್ರೊಪೆಲ್ಲರಿನ, ದಡದ ಮಾತಿನಲ್ಲಿ ಫ್ಯಾನಿನ, ನೇರ ಮೇಲೆ ಅಂಗೈಯಷ್ಟು ಅಗಲದ ಚಪ್ಪಟೆ ತಟ್ಟೆಯೊಂದು ಹಿಂದಕ್ಕೆ ಚಾಚಿಕೊಂಡಿರುತ್ತದೆ. ನೀರಿನ ಮೇಲ್ಮೈಯಿಂದ ಗಾಳಿ ಫ್ಯಾನಿಗೆ ಇಳಿಯದಂತೆ ತಡೆಯುವ ತಟ್ಟೆ ಅದು. ಅದು ಎಲ್ಲಿ ನಿಂತಿದೆ ಎಂಬುದರ ಮೇಲೆ ದೋಣಿಯ ಅರ್ಧ ನಡತೆ ನಿಂತಿದೆ.

ದೋಣಿ ದಡದಲ್ಲಿರುವಾಗ ಬಾಗಿರದ ಮರದ ರೀಪೊಂದನ್ನು ತಳಕ್ಕೆ ಒತ್ತಿ, ನಡುಗೆರೆಯ ಪಕ್ಕದಲ್ಲೇ ಹಿಂದಕ್ಕೆ ಚಾಚಿ ಹಿಡಿಯಿರಿ. ಎಂಜಿನ್ ನೇರವಾಗಿ ಇಳಿದಿರಲಿ. ತಟ್ಟೆ ರೀಪಿನ ಮಟ್ಟಕ್ಕೇ ಇರಬೇಕು, ಇಲ್ಲವೇ ಎರಡು ಮೂರು ಸೆಂಟಿಮೀಟರ್ ಕೆಳಗೆ. ಅದಕ್ಕಿಂತ ಮೇಲಿದ್ದರೆ ತಿರುವಿನಲ್ಲಿ ಫ್ಯಾನು ಗಾಳಿ ಕುಡಿಯುತ್ತದೆ: ಎಂಜಿನ್ ಒಮ್ಮೆಗೇ ಕಿರುಚುತ್ತದೆ, ದೋಣಿ ನಿಂತಂತಾಗುತ್ತದೆ. ತೀರಾ ಕೆಳಗಿದ್ದರೆ ನೀರಿನ ಎಳೆತ ಹೆಚ್ಚಿ ವೇಗ ಸಾಯುತ್ತದೆ, ಎಂಜಿನ್ನಿನ ಕಾಲಿನ, ಅಂದರೆ ನೀರಿಗಿಳಿಯುವ ಉದ್ದ ಭಾಗದ, ಸುತ್ತ ನೀರು ಕಾರಂಜಿಯಂತೆ ಚಿಮ್ಮುತ್ತದೆ.

ಎಂಜಿನ್ನುಗಳು ಸಾಮಾನ್ಯವಾಗಿ 15 ಇಂಚಿನ ಗಿಡ್ಡ ಕಾಲು, 20 ಇಂಚಿನ ಉದ್ದ ಕಾಲು ಎಂಬ ಎರಡು ಅಳತೆಯಲ್ಲಿ ಬರುತ್ತವೆ. ಎಂಜಿನ್ ತೂಗುವ ದೋಣಿಯ ಹಿಂಹಲಗೆಯ ಎತ್ತರ ಅದಕ್ಕೆ ಹೊಂದಬೇಕು. ಒಂದೆರಡು ಸೆಂಟಿಮೀಟರ್ ಎತ್ತರಿಸಬೇಕಾದರೆ ಹಿಂಹಲಗೆಯ ಮೇಲೆ ಮರೈನ್ ಪ್ಲೈವುಡ್ ಪಟ್ಟಿ ಇಟ್ಟು ಎಂಜಿನ್ ಕೂರಿಸಿದರೆ ಸಾಕು. ಐದು ಇಂಚಿನ ವ್ಯತ್ಯಾಸವಿದ್ದರೆ ಪಟ್ಟಿಯಿಂದ ಸರಿಹೋಗದು, ಎಂಜಿನ್ನೇ ಬೇರೆ ಬೇಕು. ತಿರುಪುಗಳನ್ನು ಬಿಗಿದು, ಕಾಲು ಗಂಟೆ ಓಡಿಸಿ, ಮತ್ತೆ ಬಿಗಿಯಿರಿ. ಹೊಸ ಪಟ್ಟಿ ಅದುಮಿಕೊಂಡು ತಿರುಪು ಸಡಿಲವಾಗಿರುತ್ತದೆ.

ಎತ್ತರ ಸರಿಯಿದ್ದೂ ಗಾಳಿ ಕುಡಿಯುತ್ತಿದ್ದರೆ ತಳದ ನಡುವಿನ ದಿಂಡನ್ನು ನೋಡಿ. ಅದು ಫ್ಯಾನಿನ ನೇರ ಮುಂದೆ ಮೊಂಡಾಗಿ ಮುಗಿದಿದ್ದರೆ ಅಲ್ಲಿ ಎದ್ದ ನೊರೆಯೆಲ್ಲ ಫ್ಯಾನಿಗೇ ಹೋಗುತ್ತದೆ. ದಿಂಡಿನ ಕೊನೆಯನ್ನು ಇಳಿಜಾರಾಗಿ ತೀಡಿಸಿ ರೆಸಿನ್ ಬಳಿಸಿದರೆ ಪರಿಹಾರ.

ಓರೆಯ ಪಿನ್ನು

ಸಣ್ಣ ಎಂಜಿನ್ನಿನ ಕ್ಲಾಂಪಿನಲ್ಲಿ ಸಾಲಾಗಿ ನಾಲ್ಕೈದು ತೂತುಗಳಿರುತ್ತವೆ. ಅಡ್ಡ ಹಾಕಿದ ಪಿನ್ನಿಗೆ ಎಂಜಿನ್ನಿನ ಕಾಲು ಒರಗಿ ನಿಲ್ಲುತ್ತದೆ. ಪಿನ್ನು ಹಿಂಹಲಗೆಗೆ ಹತ್ತಿರವಾದಷ್ಟೂ ಮೂತಿ ಕೆಳಗೆ, ದೂರವಾದಷ್ಟೂ ಮೂತಿ ಮೇಲೆ. ಇದಕ್ಕೇ ಟ್ರಿಮ್ ಎನ್ನುವುದು.

ಮೂತಿ ಕುಪ್ಪಳಿಸಿದರೆ ಪಿನ್ನನ್ನು ಒಂದು ತೂತು ಒಳಕ್ಕೆ ತನ್ನಿ. ಮೂತಿ ನೀರನ್ನು ಉತ್ತುಕೊಂಡು ಹೋಗುತ್ತಿದ್ದರೆ, ಮುಂದೆ ಕುಳಿತವರು ತೊಯ್ದು ತೊಪ್ಪೆಯಾದರೆ, ಹಿಡಿಕೆ ಸ್ವಲ್ಪ ತಿರುಗಿಸಿದರೂ ದೋಣಿ ಸರ್ರನೆ ಅತ್ತ ನುಗ್ಗಿದರೆ ಒಂದು ತೂತು ಹೊರಕ್ಕೆ. ಪ್ರತಿ ಸಲವೂ ಎಂಜಿನ್ ನಿಲ್ಲಿಸಿಯೇ ಪಿನ್ನು ಮುಟ್ಟಿ. ಇದನ್ನು ದಡದಲ್ಲಿ ರಸಮಟ್ಟ ಇಟ್ಟು ನಿರ್ಧರಿಸಲಾಗದು. ಓಡುವಾಗ ದೋಣಿ ಮೂತಿಯೆತ್ತಿ ಕೂರುತ್ತದೆ, ಆ ಭಂಗಿಯಲ್ಲಿ ತಟ್ಟೆ ನೀರಿಗೆ ಸಮಾನಾಂತರವಾಗಿರಬೇಕು. ಆದ್ದರಿಂದ ಜೊತೆಗಾರರನ್ನು ದಡದಲ್ಲಿ ನಿಲ್ಲಿಸಿ, ಅವರ ಮುಂದೆಯೇ ಹಾಯ್ದು, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೋ ತೆಗೆಸಿ. ಹಿಡಿಕೆ ಹಿಡಿದವರಿಗೆ ಕಾಣದ್ದು ಅದರಲ್ಲಿ ಸ್ಪಷ್ಟ ಕಾಣುತ್ತದೆ.

ಕೈಯನ್ನು ಎಳೆಯುವ ಹಿಡಿಕೆಯ ಸರದಿ ಇದಾದ ಮೇಲೆ, ಏಕೆಂದರೆ ಪಿನ್ನು ಬದಲಿಸಿದರೆ ಎಳೆತವೂ ಬದಲಾಗುತ್ತದೆ. ಹಲವು ಎಂಜಿನ್ನುಗಳಲ್ಲಿ ಆ ತಟ್ಟೆಯ ಅಡಿಯಲ್ಲೇ ಮೀನಿನ ರೆಕ್ಕೆಯಂಥ ಸಣ್ಣ ತುಂಡೊಂದು ಬೋಲ್ಟಿನಲ್ಲಿ ನಿಂತಿರುತ್ತದೆ. ದೋಣಿ ಎಡಕ್ಕೆ ಎಳೆದರೆ ಅದರ ಹಿಂತುದಿಯನ್ನು ಎಡಕ್ಕೆ, ಬಲಕ್ಕೆ ಎಳೆದರೆ ಬಲಕ್ಕೆ ತಿರುಗಿಸಿ ಬಿಗಿಯಿರಿ. ಉಲ್ಟಾ ಅನ್ನಿಸಿದರೂ ಇದೇ ಸರಿ: ನೀರು ಆ ರೆಕ್ಕೆಯನ್ನು ತಳ್ಳಿ ಎಂಜಿನ್ನನ್ನು ಎಳೆತದ ಎದುರು ದಿಕ್ಕಿಗೆ ತಿರುಗಿಸುತ್ತದೆ. ಕೂದಲೆಳೆಯಷ್ಟೇ ತಿರುಗಿಸಿ ನೋಡುತ್ತಾ ಹೋಗಿ. ತುಕ್ಕು ತಡೆಯುವ ಸತುವಿನ ತುಂಡೂ ಅದೇ ಆಗಿದ್ದರೆ ಅದಕ್ಕೆ ಬಣ್ಣ ಬಳಿಯಬಾರದು.

ಎಂಜಿನ್ ಕೂಗಿದರೂ ದೋಣಿ ಓಡದಿದ್ದರೆ

ಗಾಳಿ ಕುಡಿಯುತ್ತಿಲ್ಲ, ಆದರೂ ಎಂಜಿನ್ನಿನ ವೇಗಕ್ಕೆ ದೋಣಿ ಸ್ಪಂದಿಸುತ್ತಿಲ್ಲ ಎಂದಾದರೆ ಫ್ಯಾನಿನ ಒಳಗಿನ ರಬ್ಬರು ಜಾರುತ್ತಿರಬಹುದು. ಹಿಡಿಯುವ ಉಪಾಯ ಸುಲಭ. ಒಳಗಿನ ಲೋಹದ ಬಳೆಯಿಂದ ಹೊರಗಿನ ಗುಂಬದವರೆಗೆ ಒಂದೇ ನೇರ ಗೆರೆಯನ್ನು ಬಣ್ಣದಿಂದ ಎಳೆಯಿರಿ. ಪೂರ್ತಿ ವೇಗದಲ್ಲಿ ಓಡಿಸಿ ಬಂದು ನೋಡಿ. ಗೆರೆ ಎರಡು ತುಂಡಾಗಿ ಸರಿದಿದ್ದರೆ ರಬ್ಬರು ಬದಲಿಸಬೇಕು. ಫ್ಯಾನು ಕಳಚಿದಾಗಲೇ ಅದರ ಹಿಂದೆ ಸುತ್ತಿದ ಬಲೆಯ ನೂಲನ್ನೂ ತೆಗೆಯಿರಿ. ನೂಲು ಸೀಲನ್ನು ಕತ್ತರಿಸಿ ಗೇರಿನ ಎಣ್ಣೆಗೆ ನೀರು ಬಿಡುತ್ತದೆ, ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದರೆ ಅದೇ ಗುರುತು.

ಅಳಿವೆಯ ಬಾಗಿಲಲ್ಲಿ

ಇದುವರೆಗೆ ಹೇಳಿದ್ದು ಒಳನೀರಿಗೆ. ಅಳಿವೆ ದಾಟಿ ಕಡಲಿಗೆ ಹೋಗಿ ಬರುವವರು ಇದನ್ನು ಬೇರೆಯಾಗಿಯೇ ನೆನಪಿಡಬೇಕು. ಒಳನೀರಿನಲ್ಲಿ ಹಿತವೆನಿಸಿದ ತಗ್ಗಿದ ಮೂತಿ, ವಾಪಸು ಬರುವಾಗ ಹಿಂದಿನಿಂದ ಅಲೆ ಎತ್ತಿದೊಡನೆ ಅಪಾಯಕಾರಿಯಾಗುತ್ತದೆ. ಅಲೆಯ ಇಳಿಜಾರಿನಲ್ಲಿ ಮೂತಿ ನೀರಿಗೆ ಚುಚ್ಚಿಕೊಂಡು ನಿಲ್ಲುತ್ತದೆ, ಹಿಂಬದಿಯನ್ನು ಅಲೆ ತಳ್ಳುತ್ತಲೇ ಇರುತ್ತದೆ, ದೋಣಿ ಅಡ್ಡ ತಿರುಗುತ್ತದೆ. ಮುಂದಿನ ಅಲೆ ಅದನ್ನು ಮಗುಚಲು ಸಾಕು. ಅಳಿವೆಗೆ ಬರುವ ಮುಂಚೆ, ನೀರು ಶಾಂತವಾಗಿರುವಲ್ಲೇ, ಮೂತಿಯಲ್ಲಿ ಕುಳಿತವರನ್ನು ನಡುವಿನಿಂದ ಹಿಂದಕ್ಕೆ ಕೂರಿಸಿ. ಪಿನ್ನು ತೀರಾ ಒಳಗಿದ್ದರೆ ಒಂದು ತೂತು ಹೊರಕ್ಕೆ ಹಾಕಿ. ಮುಂದಿನ ಅಲೆಯ ಬೆನ್ನ ಮೇಲೇ ಕುಳಿತು, ಅದರ ವೇಗದಲ್ಲೇ ಒಳಬನ್ನಿ, ಅದನ್ನು ದಾಟಿ ಮುಂದೆ ಇಳಿಯಬೇಡಿ. ಮಳೆಗಾಲ ಕಳೆದ ಮೇಲೆ ಮರಳದಿಬ್ಬ ಕಳೆದ ವರ್ಷವಿದ್ದಲ್ಲೇ ಇರುತ್ತದೆ ಎಂದು ನಂಬಬೇಡಿ, ಅಲ್ಲಿ ದಿನವೂ ಓಡಾಡುವವರನ್ನು ಕೇಳಿಯೇ ಹೋಗಿ.

ಎಲ್ಲ ಮಾಡಿಯೂ ಕುಪ್ಪಳಿಕೆ ನಿಲ್ಲದಿದ್ದರೆ ಉಳಿಯುವುದು ತಳದ ಆಕಾರ. ಅದೇ ರೀಪನ್ನು ತಳದ ಕೊನೆಯ ಐದಡಿಗೆ ಉದ್ದುದ್ದ ಹಿಡಿಯಿರಿ. ತಳ ಹೊರಕ್ಕೆ ಉಬ್ಬಿದ್ದರೆ ದೋಣಿ ಕುಪ್ಪಳಿಸುತ್ತದೆ, ಒಳಕ್ಕೆ ತಗ್ಗಿದ್ದರೆ ಮೂತಿ ತಗ್ಗುತ್ತದೆ. ಇದನ್ನು ಫೈಬರ್ ಕೆಲಸ ಬಲ್ಲವರೇ ತುಂಬಿ ತೀಡಬೇಕು. ಎಷ್ಟೋ ದೋಣಿಗಳಿಗೆ ಈ ತಗ್ಗು ಬರುವುದು ನೀರಿನಲ್ಲಲ್ಲ, ದಡದಲ್ಲಿ, ಮಳೆಗಾಲದಲ್ಲಿ. ಎರಡೇ ತೆಂಗಿನ ದಿಮ್ಮಿಗಳ ಮೇಲೆ, ಎಂಜಿನ್ ಸಮೇತ, ತಿಂಗಳುಗಟ್ಟಲೆ ದೋಣಿ ನಿಲ್ಲಿಸುತ್ತೇವೆ. ಈ ಸಲ ಜೂನ್ ಬರುವ ಮೊದಲೇ ಎಂಜಿನ್ ಬಿಚ್ಚಿ ಒಳಗಿಡಿ. ದಿಮ್ಮಿ ಮೂರಿರಲಿ, ಮೇಲೆ ಹಳೆಯ ಟಯರ್ ಹಾಸಿರಲಿ, ಮೂರನೆಯದು ಹಿಂಹಲಗೆಯ ನೇರ ಕೆಳಗೇ ಬರಲಿ.