ರಾಯಚೂರು, ಕಲಬುರಗಿ ಕಡೆಯವರಿಗೆ: ಹಗಲ ಬಿಸಿಲು, ಸಂಜೆಯ ಸಿಡಿಲು
ಎಲ್ಲರಿಗೂ ನಮಸ್ಕಾರ್ರಿ. ಏಪ್ರಿಲ್, ಮೇ ತಿಂಗಳಾಗ ನಮ್ಮ ಕಡೆ 40 ಡಿಗ್ರಿ ದಾಟೋದು ಹೊಸದಲ್ಲ. ಆದರ ಹವಾಮಾನ ಇಲಾಖೆ ಮುನ್ಸೂಚನೆಯೊಳಗ ಗರಿಷ್ಠ ಉಷ್ಣಾಂಶ ಅಷ್ಟೇ ನೋಡಬ್ಯಾಡ್ರಿ, ರಾತ್ರಿಯ ಕನಿಷ್ಠವನ್ನೂ ನೋಡ್ರಿ. ಅದೂ ಏರಿದ್ರ ಮೈ ತಣಿಯೋದಿಲ್ಲ. ವಯಸ್ಸಾದವರಿಗೆ, ತಗಡಿನ ಮನಿಯವರಿಗೆ ಅದೇ ಹೆಚ್ಚು ಅಪಾಯ. ಅಂಥ ದಿನ ಹೊಲದ ಕೆಲಸ ಮುಂಜಾನೆ ಹತ್ತರೊಳಗ ಮುಗಿಸ್ರಿ.

ಇಲಾಖೆ ತನ್ನ ಎಚ್ಚರಿಕೆಯೊಳಗ ಜಿಲ್ಲೆಗೆ ಹಳದಿ ಬಣ್ಣ ಕೊಟ್ಟಿದ್ರ ಗಮನ ಇರಲಿ, ಕಿತ್ತಳೆ ಅಂದ್ರ ಸಿದ್ಧತೆ, ಕೆಂಪು ಅಂದ್ರ ತಕ್ಷಣ ಕ್ರಮ.

ಮಧ್ಯಾಹ್ನ ಧಗೆ ಏರಿ ಮೋಡ ಕಟ್ಟಿದ್ರ ಸಂಜೀಗೆ ಬಿರುಗಾಳಿ, ಸಿಡಿಲು ಬರಬಹುದು. ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲು ತೋರಿಸ್ತದ, ಮೊಬೈಲಿಗೆ ಹಾಕ್ಕೊಳ್ರಿ. ಬೇಸಿಗೆ ಭತ್ತದ ರಾಶಿ ಬಯಲಾಗ ಇದ್ದವರು ತಾಡಪತ್ರಿ ಮಧ್ಯಾಹ್ನವೇ ಹೊದಿಸಿಬಿಡ್ರಿ. ಗುಡುಗು ಕೇಳಿದ್ರ ಮರದ ಕೆಳಗ ನಿಲ್ಲಬ್ಯಾಡ್ರಿ, ದನಾನೂ ಅಲ್ಲಿ ಕಟ್ಟಬ್ಯಾಡ್ರಿ.