ಹಳೇ ಕ್ಷೌರದ ಕತ್ತಿಯ ಕೊಂಬಿನ ಹಿಡಿಗೆ ಹೊಳಪು ತಂದಿದ್ದು ಹೀಗೆ

ಮಡಚುವ ಕ್ಷೌರದ ಕತ್ತಿಯ ಹಿಡಿ ಬಿಳಿಚಿಕೊಂಡು ಒರಟಾಗಿತ್ತು. ಕೊಂಬೋ, ಪ್ಲಾಸ್ಟಿಕ್ಕೋ ಗೊತ್ತಾಗುತ್ತಿರಲಿಲ್ಲ. ಜೋರು ಬೆಳಕಿಗೆ ಹಿಡಿದಾಗ ಒಳಗೆ ಕಂದು ಎಳೆಗಳು ಕಂಡವು. ಕಾಣದ ಕಡೆ ಸ್ವಲ್ಪ ಉಜ್ಜಿದೆ, ಸುಟ್ಟ ಕೂದಲಿನ ವಾಸನೆ ಬಂತು. ಕೊಂಬೇ! ಕೂದಲು, ಕೊಂಬು ಎರಡೂ ಕೆರಾಟಿನ್ ಅನ್ನೋ ಪ್ರೋಟೀನೇ ಅಲ್ವಾ. ಹಳೇ ಕಾಲದ ಪ್ಲಾಸ್ಟಿಕ್ ಸೆಲ್ಯುಲಾಯ್ಡ್ ಆಗಿದ್ದರೆ ಕರ್ಪೂರದ ವಾಸನೆ ಬರುತ್ತಿತ್ತು. ಕಾದ ಸೂಜಿ ಚುಚ್ಚಿ ನೋಡುವುದು ಮಾತ್ರ ಬೇಡವೇ ಬೇಡ. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುತ್ತದೆ.

ಅಲಗಿಗೆ ಟೇಪ್ ಸುತ್ತಿ, 600, 1000, 2000 ನಂಬರಿನ ವಾಟರ್ ಪೇಪರ್ (ನೀರಲ್ಲಿ ಬಳಸುವ ಉಜ್ಜುಕಾಗದ) ಒದ್ದೆ ಮಾಡಿಕೊಂಡು ಉಜ್ಜಿದೆ. ಹಿಂದಿನ ಗೀರು ಪೂರ್ತಿ ಹೋದ ಮೇಲೇ ಮುಂದಿನ ನಂಬರು. ಇಲ್ಲಿ ಅವಸರ ಸಲ್ಲದು. ಹಿಡಿಯನ್ನು ನೀರಲ್ಲಿ ನೆನೆಹಾಕಬಾರದು, ಸೊಟ್ಟಗಾಗುತ್ತದೆ. ಆಮೇಲೆ ಮೆಟಲ್ ಪಾಲಿಶ್ ಹಚ್ಚಿ ಬಟ್ಟೆಯಿಂದ ತಿಕ್ಕಿದೆ. ಒಳಗಿನ ಎಳೆಗಳೆಲ್ಲ ಎದ್ದು ಕಂಡವು, ಏನು ಚಂದ! ಕೊನೆಗೆ ತೆಳ್ಳಗೆ ಮಿನರಲ್ ಆಯಿಲ್ ಸವರಿದೆ. ಒಣಗಿದ ಕೊಂಬು ಬಿರುಕು ಬಿಡುತ್ತದೆ.