ಉಬ್ಬಸದವರು ರಕ್ತದ ರಿಪೋರ್ಟ್ ಓದುವುದು ಹೇಗೆ?

ಸೋಮವಾರಪೇಟೆಯ ಸಣ್ಣ ಲ್ಯಾಬೊಂದರಲ್ಲಿ 22 ವರ್ಷ ರಕ್ತ ತೆಗೆದವಳು ನಾನು. ಉಬ್ಬಸ ನನಗೂ ಇದೆ. ಕಕ್ಕಡದ ಮಳೆಗೆ ಗೋಡೆ ಬೂಷ್ಟು ಹಿಡಿದಾಗ ಒಮ್ಮೆ, ಕಣದಲ್ಲಿ ಒಣಗಿದ ಕಾಫಿಯ ಧೂಳೆದ್ದಾಗ ಇನ್ನೊಮ್ಮೆ ಹಿಡಿಯುತ್ತದೆ.

ರಿಪೋರ್ಟ್ ಬಂದರೆ ಮೊದಲು ಇಸಿನೋಫಿಲ್ ನೋಡಿ. ಅಲರ್ಜಿ ಇದ್ದಾಗ ಏರುವ ಒಂದು ಬಗೆಯ ಬಿಳಿ ರಕ್ತಕಣ ಅದು. ಅದರ ಶೇಕಡಾವಾರು ಅಂಕಿಯನ್ನಷ್ಟೇ ನೋಡಿ ಸುಮ್ಮನಾಗಬೇಡಿ, ಒಟ್ಟು ಬಿಳಿ ರಕ್ತಕಣದ ಜೊತೆ ಗುಣಿಸಿ. ಬಿಳಿಕಣ 8,000, ಇಸಿನೋಫಿಲ್ ಶೇ. 6 ಇದ್ದರೆ 480. ಇದೇ ಎಇಸಿ, ಅಂದರೆ ಇಸಿನೋಫಿಲ್‌ಗಳ ನಿಜವಾದ ಎಣಿಕೆ. 500 ದಾಟಿದರೆ ಲ್ಯಾಬಿನವರು ಜಾಸ್ತಿ ಅಂತಾರೆ. ಉಬ್ಬಸದವರಲ್ಲಿ 300 ಇದ್ದರೂ ಡಾಕ್ಟರ್ ಗಮನಿಸುತ್ತಾರೆ. ಸಾಮಾನ್ಯವಾಗಿ ಅದು ಸ್ಟೀರಾಯ್ಡ್ ಇನ್‌ಹೇಲರ್‌ಗೆ ಬಗ್ಗುವ ಉರಿಯೂತ.

ಈ ಲೆಕ್ಕ ದಿನದಲ್ಲೇ ಏರಿಳಿಯುತ್ತದೆ, ರಾತ್ರಿ ಜಾಸ್ತಿ. ಹಾಗಾಗಿ ಪ್ರತಿ ಸಲ ಅದೇ ಹೊತ್ತಿಗೆ ರಕ್ತ ಕೊಡಿ. ಇನ್ನೊಂದು, ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಮಾತ್ರೆ. ಒಂದು ಸಲ ಐದು ದಿನ ನುಂಗಿ ಪರೀಕ್ಷೆ ಮಾಡಿಸಿದೆ, ಎಇಸಿ ಬರೀ 40! "ನಿಮಗೆ ಉಬ್ಬಸವೇ ಅಲ್ಲ" ಅಂದವರೂ ಇದ್ದಾರೆ. ಇಳಿಸಿದ್ದು ಮಾತ್ರೆ. ಅದೇ ಮಾತ್ರೆ ಸೋಂಕಿನ ವಿರುದ್ಧ ಹೋರಾಡುವ ಬಿಳಿಕಣವಾದ ನ್ಯೂಟ್ರೋಫಿಲ್ ಏರಿಸುತ್ತದೆ, ನೋಡಿದವರಿಗೆ ಸೋಂಕಿನಂತೆ ಕಾಣುತ್ತದೆ. ಹಾಗಂತ ಪರೀಕ್ಷೆಗೋಸ್ಕರ ಮಾತ್ರೆ ಬಿಡಬೇಡಿ.

ತೋಟದಲ್ಲಿ ಬರಿಗಾಲಲ್ಲಿ ಓಡಾಡುವವರಿಗೆ ಕೊಕ್ಕೆಹುಳುವಿನಿಂದಲೂ ಇಸಿನೋಫಿಲ್ ಏರುತ್ತದೆ. 3,000 ದಾಟಿ, ರಾತ್ರಿ ಕೆಮ್ಮೂ ಇದ್ದರೆ ಆನೆಕಾಲಿನ ಹುಳುವಿನ ಕಾಟವಿರಬಹುದು. ಅದಕ್ಕೆ ಔಷಧಿಯೇ ಬೇರೆ.

ಸಿಆರ್‌ಪಿ ಅಂದರೆ ಮೈಯಲ್ಲಿ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್. ಅದು ತುಂಬಾ ಏರಿದ್ದರೆ ಉಬ್ಬಸಕ್ಕಿಂತ ಮೊದಲು ಸೋಂಕನ್ನು ಹುಡುಕುತ್ತಾರೆ.

ಎಲ್‌ಡಿಎಚ್ ಜೀವಕೋಶದ ಒಳಗಿರುವ ಕಿಣ್ವ. ಕೋಶ ಸತ್ತು ಒಡೆದರೆ ರಕ್ತಕ್ಕೆ ಬರುತ್ತದೆ. ಯಾವ ಕೋಶ ಅಂತ ಮಾತ್ರ ಹೇಳುವುದಿಲ್ಲ. ಶ್ವಾಸಕೋಶದ್ದಿರಬಹುದು, ಲಿವರ್‌ದಿರಬಹುದು, ಮೂಟೆ ಹೊತ್ತ ತೋಳಿನದೂ ಇರಬಹುದು. ನಾನೇ ಒಮ್ಮೆ ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದು ಒಬ್ಬರನ್ನು ಹೆದರಿಸಿದ್ದೇನೆ. ಕೆಂಪು ಕಣ ಒಡೆದು ಸೀರಂ ದಾಸವಾಳದ ಬಣ್ಣಕ್ಕೆ ತಿರುಗಿತ್ತು, ಎಲ್‌ಡಿಎಚ್ ದುಪ್ಪಟ್ಟು. ಮರುದಿನ ಮತ್ತೆ ತೆಗೆದೆ, ಸರಿಯಿತ್ತು. ರಿಪೋರ್ಟಿನ ಕೆಳಗೆ 'ಹಿಮೋಲೈಸ್ಡ್' ಅಂತಿದ್ದರೆ ಆ ಅಂಕಿ ಬಿಟ್ಟುಬಿಡಿ. ಬರೀ ಉಬ್ಬಸಕ್ಕಾಗಿ ದುಡ್ಡು ಕೊಟ್ಟು ಇದನ್ನು ಮಾಡಿಸುವುದು ದಂಡ, ನನ್ನ ಕೇಳಿದರೆ.

ರಿಪೋರ್ಟಿನ ಹಿಂದೆ ಪೆನ್ನಲ್ಲಿ ಬರೆದಿಡಿ: ರಕ್ತ ಕೊಟ್ಟ ಹೊತ್ತು, ಕೊನೆಯ ಸ್ಟೀರಾಯ್ಡ್ ಮಾತ್ರೆಯ ದಿನ, ಜ್ವರ ಇತ್ತಾ, ಹುಳುವಿನ ಮಾತ್ರೆ ಯಾವಾಗ. ಉಬ್ಬಸ ಹೌದೋ ಅಲ್ಲವೋ ತಿಳಿಯಲು ಊದುವ ಪರೀಕ್ಷೆ, ಸ್ಪೈರೋಮೆಟ್ರಿ, ಬೇಕೇ ಬೇಕು. ಒಂದು ವಾಕ್ಯ ಮುಗಿಸಲಾಗದಷ್ಟು ಏದುಸಿರು ಬಂದ ದಿನ ಮಾತ್ರ ಲ್ಯಾಬಿಗೆ ಬರಬೇಡಿ. ನೇರ ಆಸ್ಪತ್ರೆಗೆ ಹೋಗಿ.